ಹಸಿರುಗಟ್ಟಿದ ನೀರಿನಲ್ಲಿ ಮೀನಿನ ಪಾಡು

ನಿಂತ ನೀರಿನಲ್ಲಿ ನೀಲಿ-ಹಸಿರು ಪಾಚಿ ಮಿತಿಮೀರಿ ಬೆಳೆದಾಗ ಕೆರೆಗೆ ಡಬ್ಬಿಗಟ್ಟಲೆ ಬಣ್ಣ ಸುರಿದಂತೆ ಕಾಣುತ್ತದೆ. ಹೆಸರಿಗೆ ಪಾಚಿಯಾದರೂ ಇದು ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ. ಇದರ ಬೆಳವಣಿಗೆಗೆ ಕಾದ ನೀರು, ಹರಿವಿಲ್ಲದ ದಿನಗಳು, ರಂಜಕ ಮತ್ತು ಸಾರಜನಕ ಬೇಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬೇಸಿಗೆಯಲ್ಲಿ ಇವಕ್ಕೆ ಕೊರತೆಯಿಲ್ಲ.

ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ಭೀಮಾ ನದಿಯ ಹರಿವು ಬಹುಮಟ್ಟಿಗೆ ನಿಂತು, ಅಫಜಲಪುರದ ಸೊನ್ನದಂಥ ಬ್ಯಾರೇಜುಗಳ ಹಿಂದೆ ಮತ್ತು ಮಡುಗಳಲ್ಲಷ್ಟೇ ನೀರು ಉಳಿಯುತ್ತದೆ. ಮೇಲ್ದಂಡೆಯಲ್ಲಿರುವ ಮಹಾರಾಷ್ಟ್ರದ ಉಜನಿ ಜಲಾಶಯಕ್ಕೆ ಪುಣೆ, ಪಿಂಪರಿ-ಚಿಂಚವಾಡಗಳ ಕೊಳಚೆ ಬಂದು ಸೇರುತ್ತದೆ. ಆಳಂದದಲ್ಲಿ ಅಮರ್ಜಾ ಹೊಳೆಯ ಜಲಾಶಯವಿದೆ. ಆ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಕಬ್ಬು, ತೊಗರಿಯ ಹೊಲಗಳಿಗೆ ಹಾಕಿದ ಡಿಎಪಿ ಗೊಬ್ಬರದ ರಂಜಕ ಎರೆಮಣ್ಣಿಗೆ ಅಂಟಿಕೊಂಡು ಮೊದಲ ಮಳೆಗೇ ಹಳ್ಳಕ್ಕೆ ಇಳಿಯುತ್ತದೆ. ನೀರಿನ ತಳದಲ್ಲಿ ಕೂತ ಈ ರಂಜಕವೇ ಮುಂದಿನ ಬೇಸಿಗೆಗೆ ಪಾಚಿಯ ಬಂಡವಾಳ.

ಮೀನು ಸತ್ತು ತೇಲಿದರೆ ಊರಿನಲ್ಲಿ ಹುಟ್ಟುವ ಮೊದಲ ಮಾತು “ಯಾರೋ ವಿಷ ಹಾಕ್ಯಾರ” ಎಂಬುದು. ಅದು ಕೆಲವೊಮ್ಮೆ ನಿಜವೂ ಹೌದು. ಆದರೆ ಬೆಳಗಿನ ಜಾವದ ಸಾವಿಗೆ ಹೆಚ್ಚಾಗಿ ಕಾರಣ ಉಸಿರುಗಟ್ಟುವುದು. ಹಗಲಿನಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ತಾನೇ ಅದನ್ನು ಹೀರುತ್ತದೆ. ಸತ್ತ ಪಾಚಿ ಕೊಳೆಯುವಾಗ ಉಳಿದದ್ದೂ ಖರ್ಚಾಗುತ್ತದೆ. ಲೀಟರ್ ನೀರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆ ಜಾತಿಯ ಮೀನುಗಳಿಗೆ ಚಿಂತೆಯಿಲ್ಲ. ಅದು 3ಕ್ಕಿಂತ ಇಳಿದರೆ ಕಟ್ಲಾ, ರೋಹುಗಳು ಏದುಸಿರು ಬಿಡತೊಡಗಿ, ಇನ್ನೂ ಇಳಿದರೆ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತವೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಅದೇ ನೀರಿನಲ್ಲಿ ಬದುಕಿಕೊಳ್ಳುತ್ತದೆ. ಕೊರವ ಉಳಿದು ಕಟ್ಲಾ ಸತ್ತಿದ್ದರೆ ಮೊದಲು ಆಮ್ಲಜನಕವನ್ನೇ ಅನುಮಾನಿಸಬೇಕು.

ಮಧ್ಯಾಹ್ನದ ಅಪಾಯ ಬೇರೆ. ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮುಗಿಸಿದಾಗ ಪಿಎಚ್ 9 ದಾಟುತ್ತದೆ. ಬೆಚ್ಚಗಿನ ನೀರಿನ ಅಮೋನಿಯದಲ್ಲಿ ಪಿಎಚ್ 7ರಲ್ಲಿ ಶೇ 1ರಷ್ಟೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 9ರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ವಿಷವಾಗಿರುತ್ತದೆ. ಈ ವಿಷ ಕಿವಿರುಗಳ ಎಳೆಗಳನ್ನು ಸುಡುತ್ತದೆ.

ಇನ್ನು ಪಾಚಿಯದೇ ವಿಷ. ಮೈಕ್ರೊಸಿಸ್ಟಿಸ್ ಎಂಬ ಜಾತಿಯ ಎಲ್ಲ ತಳಿಗಳೂ ವಿಷ ಮಾಡುವುದಿಲ್ಲ, ಮಾಡುವವು ಮೈಕ್ರೊಸಿಸ್ಟಿನ್ ಎಂಬ ಪದಾರ್ಥವನ್ನು ತಯಾರಿಸುತ್ತವೆ. ಇದು ಮೀನಿನ ದೇಹಕ್ಕೆ ಹೋಗುವುದು ಹೆಚ್ಚಾಗಿ ಪಾಚಿ ನುಂಗಿದಾಗ, ಕರುಳಿನ ದಾರಿಯಿಂದ. ಪಿತ್ತರಸದ ಆಮ್ಲಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳಿಂದಲೇ ಇದೂ ಲಿವರಿನ ಜೀವಕೋಶಗಳನ್ನು ಹೊಗುತ್ತದೆ. ಕೋಶದ ಚೌಕಟ್ಟನ್ನು ಹದದಲ್ಲಿಡುವ ಫಾಸ್ಫಟೇಸ್ ಕಿಣ್ವಗಳು ಇದರಿಂದ ಸ್ತಬ್ಧವಾಗುತ್ತವೆ. ಚೌಕಟ್ಟು ಕುಸಿದ ಕೋಶಗಳು ಒಂದನ್ನೊಂದು ಬಿಟ್ಟು ದುಂಡಗಾಗುತ್ತವೆ. ಲಿವರ್ ಊದಿ ಒಳಗೇ ರಕ್ತ ಸೋರುತ್ತದೆ. ಪ್ರಮಾಣ ಕಡಿಮೆಯಿದ್ದರೆ ಮೀನು ಸಾಯುವುದಿಲ್ಲ, ಸೊರಗುತ್ತದೆ: ಮೇವು ತಿಂದರೂ ತೂಕ ಬರುವುದಿಲ್ಲ, ರೋಗ ಬೇಗ ತಗಲುತ್ತದೆ, ಮೊಟ್ಟೆಯಿಂದ ಡೊಂಕು ಮರಿಗಳು ಹೊರಬರುತ್ತವೆ. ದಡದಲ್ಲಿ ಸತ್ತ ಮೀನು ಕಾಣದ ಈ ನಷ್ಟದ ಲೆಕ್ಕ ಯಾರೂ ಇಡುವುದಿಲ್ಲ. ಬೆಳ್ಳಿ ಗೆಂಡೆ ಮಾತ್ರ ಇಂಥ ಪಾಚಿಯನ್ನು ತಿಂದೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ.

ವಿಷ ಮಾಡುವುದು ನೀಲಿ-ಹಸಿರು ಪಾಚಿಯೊಂದೇ ಅಲ್ಲ. 2022ರ ಆಗಸ್ಟ್‌ನಲ್ಲಿ ಪೋಲೆಂಡ್-ಜರ್ಮನಿ ಗಡಿಯ ಓಡರ್ ನದಿಯಲ್ಲಿ ನೂರಾರು ಟನ್ ಮೀನು ಸತ್ತವು. ಉಪ್ಪಿನ ತ್ಯಾಜ್ಯ ಸೇರಿದ, ಹರಿವು ತಗ್ಗಿದ ನೀರಿನಲ್ಲಿ ಪ್ರಿಮ್ನೀಸಿಯಂ ಎಂಬ ಹೊಂಬಣ್ಣದ ಪಾಚಿ ಬೆಳೆದು ಕಿವಿರುಗಳನ್ನು ಹಾಳುಮಾಡಿತ್ತು.

ನೀರಿನಲ್ಲಿರುವುದು ನೀಲಿ-ಹಸಿರು ಪಾಚಿಯೇ ಎಂದು ಗುರುತು ಹಿಡಿಯುವ ಒಂದು ಸುಲಭ ದಾರಿ ಇದೆ. ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಮುಚ್ಚಿ ರಾತ್ರಿಯಿಡೀ ಅಲುಗಿಸದೆ ಇಟ್ಟರೆ, ನೀಲಿ-ಹಸಿರು ಪಾಚಿಯ ಬಹಳಷ್ಟು ಜಾತಿಗಳು ಒಳಗಿನ ಗಾಳಿಚೀಲಗಳ ಬಲದಿಂದ ಮೇಲೆ ತೇಲಿ ಹಸಿರು ಪದರ ಕಟ್ಟುತ್ತವೆ. ಉಳಿದ ಪಾಚಿ ಹೆಚ್ಚಾಗಿ ತಳಕ್ಕೆ ಇಳಿಯುತ್ತದೆ. ವಿಷ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಪ್ರಯೋಗಾಲಯವೇ ಹೇಳಬೇಕು.

ಪಾಚಿ ಕಂಡ ಕೂಡಲೇ ಮೈಲುತುತ್ತು ಸುರಿಯುವ ಅಭ್ಯಾಸ ಮೀನಿಗೆ ಎರಡನೇ ಪೆಟ್ಟು. ಒಮ್ಮೆಲೇ ಸತ್ತ ಕೋಶಗಳು ಒಡೆದು ಒಳಗಿದ್ದ ವಿಷವೆಲ್ಲ ನೀರಿಗೆ ಬರುತ್ತದೆ, ಕೊಳೆಯುವಾಗ ಆಮ್ಲಜನಕವೂ ಹೋಗುತ್ತದೆ. ನಸುಕಿನಲ್ಲಿ ಏರೇಟರ್ ಓಡಿಸುವುದು, ಸಾಧ್ಯವಿದ್ದರೆ ಹೊಸ ನೀರು ಹಾಯಿಸುವುದು, ಮೇವು ಮತ್ತು ಸಗಣಿ ಹಾಕುವುದನ್ನು ನಿಲ್ಲಿಸುವುದು ಇದಕ್ಕಿಂತ ಮೇಲು.

ತಿನ್ನುವವರಿಗೂ ಇದು ಸಂಬಂಧಿಸಿದ್ದೇ. ಮೈಕ್ರೊಸಿಸ್ಟಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ದೀರ್ಘಕಾಲಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ಮೀನಿನಲ್ಲಿ ವಿಷ ಲಿವರ್ ಮತ್ತು ಕರುಳಿನಲ್ಲಿ ಹೆಚ್ಚು ಸೇರುತ್ತದೆ, ಮಾಂಸದಲ್ಲಿ ಕಡಿಮೆ. ಹಸಿರುಗಟ್ಟಿದ ನೀರಿನಿಂದ ಹಿಡಿದ ಮೀನಿನ ಹೊಟ್ಟೆಯ ಭಾಗವನ್ನೆಲ್ಲ ತೆಗೆದು ಚೆನ್ನಾಗಿ ತೊಳೆಯಬೇಕು. ತಾನಾಗಿ ಸತ್ತು ತೇಲಿದ ಮೀನನ್ನಂತೂ ಮನೆಗೂ ಸಂತೆಗೂ ಒಯ್ಯಬಾರದು.