ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಮತ್ತು ಬ್ಯಾಂಕಿನ ಬೀಗ

ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ ಉಡುಪಿಯಲ್ಲಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ 1928ರ ಪಿಗ್ಮಿ ಠೇವಣಿ ಮುಖಪರಿಚಯದ ಭರವಸೆಯಿಂದ ನಡೆದಿತ್ತು. ಇಂದು ಆದಿ ಉಡುಪಿಯ ಅಂಗಡಿಯಲ್ಲಿ ನಿಂತು ಮೊಬೈಲಿನಿಂದ ಹಣ ಕಳುಹಿಸುವಾಗ ಆ ಭರವಸೆಯ ದೊಡ್ಡ ಪಾಲನ್ನು ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳು, ಹೊತ್ತಿವೆ. ಹೀಗಾಗಿ ಹೊಸ ದಾಖಲೆಯ ಅವಿಭಾಜ್ಯ ಸಂಖ್ಯೆ ಸಿಕ್ಕಿತೆಂಬ ಸುದ್ದಿ ಬಂದಾಗ ಬ್ಯಾಂಕಿನ ಬೀಗವೂ ಗಟ್ಟಿಯಾಯಿತೆಂದು ನಂಬುವವರಿದ್ದಾರೆ.

ಆದರೆ ದಾಖಲೆಯ ಸಂಖ್ಯೆ ಬೀಗಕ್ಕೆ ಒದಗುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡುರಾಂಟ್ ಪತ್ತೆಹಚ್ಚಿದ ಸಂಖ್ಯೆ, ಅಂದರೆ 2ರ 136279841ನೆಯ ಘಾತದಿಂದ 1ನ್ನು ಕಳೆದಾಗ ಬರುವುದು, 4,10,24,320 ಅಂಕಿಗಳಷ್ಟು ಉದ್ದವಿದೆ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗುಪ್ತಲಿಪಿ ವಿಧಾನದಲ್ಲಿ ಇಂದು ಸಾಮಾನ್ಯವಾಗಿ ಬಳಸುವುದು ಸುಮಾರು 308 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳನ್ನು. ಅವುಗಳ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಲಾಗುತ್ತದೆ, ಅವೆರಡು ಮಾತ್ರ ಗುಟ್ಟಾಗಿ ಉಳಿಯಬೇಕು. ಲೋಕವೆಲ್ಲ ಬಲ್ಲ ಸಂಖ್ಯೆಯನ್ನು ಅಲ್ಲಿ ಇಟ್ಟರೆ ಒಂದೇ ಭಾಗಾಕಾರದಿಂದ ಗುಟ್ಟು ಬಯಲಾಗುತ್ತದೆ.

ಒಂದು ಸಂಖ್ಯೆ ಅವಿಭಾಜ್ಯವಲ್ಲವೆಂದು ಹೇಳಲು ಅದರ ಅಪವರ್ತನಗಳನ್ನು, ಅಂದರೆ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನು, ಹುಡುಕಲೇಬೇಕೆಂಬ ನಂಬಿಕೆ ಇನ್ನೂ ಆಳವಾದದ್ದು, ಮತ್ತು ಇದನ್ನು ತಿದ್ದಿಕೊಂಡರೆ ಬೀಗದ ಮರ್ಮವೇ ತಿಳಿಯುತ್ತದೆ: ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಸುಲಭ, ಅಪವರ್ತನಗಳನ್ನು ಹುಡುಕುವುದು ಕಷ್ಟ. ನೋಟಕ್ಕೆ ಅವಿಭಾಜ್ಯದಂತಿರುವ 91ನ್ನು ತೆಗೆದುಕೊಳ್ಳಬಹುದು. ಫರ್ಮಾನ ಪ್ರಮೇಯದಂತೆ 91 ಅವಿಭಾಜ್ಯವಾಗಿದ್ದರೆ 2ರ 90ನೆಯ ಘಾತವನ್ನು 91ರಿಂದ ಭಾಗಿಸಿದಾಗ 1 ಶೇಷ ಉಳಿಯಬೇಕು. 2ರ 12ನೆಯ ಘಾತ 4096. ಅದು 91ರ 45 ಪಟ್ಟಿಗಿಂತ ಒಂದು ಹೆಚ್ಚು, ಆದ್ದರಿಂದ ಶೇಷ 1. ಏಳು ಹನ್ನೆರಡಲಿ ಎಂಬತ್ತನಾಲ್ಕಾದುದರಿಂದ 84ನೆಯ ಘಾತಕ್ಕೂ ಶೇಷ 1. ಮಿಕ್ಕ ಆರನೆಯ ಘಾತ 64ನ್ನೇ ಉಳಿಸುತ್ತದೆ. ಹೀಗೆ 7 ಮತ್ತು 13ರ ಹೆಸರನ್ನೇ ಎತ್ತದೆ 91 ಅವಿಭಾಜ್ಯವಲ್ಲವೆಂದು ತೀರ್ಮಾನವಾಯಿತು; ಅಂಕಗಣಿತದಲ್ಲಿ ಇಷ್ಟು ಚೆಲುವಾದ ಸಂಗತಿಗಳು ಹೆಚ್ಚಿಲ್ಲ. ಈ ಪರೀಕ್ಷೆಗೆ 341ರಂತಹ ಸಂಖ್ಯೆಗಳು ಮೋಸ ಮಾಡುವುದುಂಟು. ಎಂದೂ ತಪ್ಪದ, ಸಂಖ್ಯೆ ಬೆಳೆದರೂ ಕೈಮೀರದ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಕೊಟ್ಟರು.

ದೊಡ್ಡ ಅವಿಭಾಜ್ಯ ಸಂಖ್ಯೆಗಳು ಅತಿ ವಿರಳವೆಂಬುದೂ ಸರಿಯಲ್ಲ. 308 ಅಂಕಿಗಳ ಆಸುಪಾಸಿನಲ್ಲಿ ಸರಾಸರಿ 710 ಸಂಖ್ಯೆಗಳಿಗೊಂದು ಸಿಗುತ್ತದೆ. ಬೆಸಸಂಖ್ಯೆಗಳನ್ನಷ್ಟೇ ನೋಡಿದರೆ 355ಕ್ಕೊಂದು. ಅವಿಭಾಜ್ಯ ಘಾತಾಂಕವಿದ್ದರೆ ಡುರಾಂಟ್ ಸಂಖ್ಯೆಯ ಮಾದರಿಯದು ತಾನೂ ಅವಿಭಾಜ್ಯವೆಂಬ ಊಹೆಯನ್ನು 2ರ 11ನೆಯ ಘಾತದಿಂದ 1ನ್ನು ಕಳೆದಾಗ ಬರುವ 2047 ಮುರಿಯುತ್ತದೆ: ಅದು 23 ಗುಣಿಸು 89.

ಕಡೆಯದಾಗಿ, ಈ ಬೀಗ ಮುರಿಯದೆಂದು ಗಣಿತ ಸಾಧಿಸಿದೆ ಎಂಬ ನಂಬಿಕೆ. 250 ಅಂಕಿಗಳ ಆರ್‌ಎಸ್‌ಎ ಸಂಖ್ಯೆಯೊಂದು 2020ರಲ್ಲಿ ಒಡೆಯಿತು. 617 ಅಂಕಿಗಳದ್ದು ಒಡೆದಿಲ್ಲ. ಅಪವರ್ತನಗಳನ್ನು ಬೇಗ ಕಾಣುವ ದಾರಿ ಸಾಮಾನ್ಯ ಕಂಪ್ಯೂಟರಿಗೆ ಇಲ್ಲವೇ ಇಲ್ಲವೆಂದು ಈವರೆಗೆ ಯಾರೂ ಸಾಧಿಸಿಲ್ಲ, ಮತ್ತು ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಸಿದ್ಧವಾದರೆ ಅದಕ್ಕೆ ಬೇಕಾದ ದಾರಿಯನ್ನು ಪೀಟರ್ ಶೋರ್ 1994ರಲ್ಲೇ ಬರೆದಿಟ್ಟಿದ್ದಾರೆ.