ಸುಮಾ ಪುಸ್ತಕ ಕೊಟ್ಟಿದ್ದಳು, ನನ್ನ ಪ್ರೋಗ್ರಾಮು ಇಲ್ಲ ಅಂದಿತು



ಹೋದ ಶನಿವಾರ ನಾನು ತರಗತಿಯಲ್ಲಿ ಎದ್ದು ನಿಂತು, "ಪುಸ್ತಕ ವಾಪಸ್ ಕೊಡದವರು ನಾಗರಾಜ, ಸುಮ" ಎಂದು ಜೋರಾಗಿ ಓದಿದೆ. ಸುಮಾ ಅತ್ತೇಬಿಟ್ಟಳು. ನೋಡಿದರೆ ಅವಳು ಕೊಟ್ಟ ಪುಸ್ತಕ ಬೀರುವಿನಲ್ಲೇ ಇತ್ತು! ತಪ್ಪು ನನ್ನದೇ. ಅದು ಹೇಗಾಯ್ತು ಅಂತ ಬರೆಯುತ್ತೇನೆ. (ಸುಮಾಳನ್ನು ಕೇಳಿಯೇ ಬರೆದಿದ್ದು.)

ಪುಸ್ತಕದ ಲೆಕ್ಕವನ್ನು ನಾನು ಶಾಲೆಯ ಕಂಪ್ಯೂಟರಿನಲ್ಲಿ ಜೇಸನ್ ಎಂಬ ರೀತಿಯಲ್ಲಿ ಇಟ್ಟಿದ್ದೆ. ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಮಾಹಿತಿ ಕಳಿಸಲು ಇದನ್ನು ಬಳಸುತ್ತಾರೆ. ಅದು ಹೀಗಿರುತ್ತದೆ:

{ "ರೇಖಾ": "ಕೊಟ್ಟಳು", "ಸುಮಾ": "ಕೊಟ್ಟಳು", "ನಾಗರಾಜ": ನಲ್ }

ಎರಡು ಬಾಗಿದ ಕಂಸಗಳ ನಡುವೆ ಇರುವುದೆಲ್ಲಾ ಸೇರಿ ಒಂದು ಆಬ್ಜೆಕ್ಟ್. ಎಡಗಡೆ ಇರುವುದು ಹೆಸರು, ಅದಕ್ಕೆ ಕೀ ಅಂತಾರೆ. ಬಲಗಡೆ ಇರುವುದು ಅದರ ಬೆಲೆ. ನಲ್ ಅಂದರೆ ಖಾಲಿ. (ನಲ್, ಗೆಟ್, ಇನ್ ಮುಂತಾದ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು. ಗೋಡೆಗೆ ಮಾತ್ರ ಕನ್ನಡ.)

ಪೈಥಾನ್ ಭಾಷೆಯಲ್ಲಿ ಪಟ್ಟಿ["ಸುಮಾ"] ಎಂದು ಕೇಳಿದರೆ "ಕೊಟ್ಟಳು" ಎಂದು ಉತ್ತರ ಬರುತ್ತದೆ. ಅವಳು ಎಷ್ಟನೆಯವಳು ಅನ್ನೋದು ಬೇಕಿಲ್ಲ, ಹೆಸರು ಸಾಕು. ಆದರೆ ಹೆಸರು ಅಕ್ಷರಕ್ಕೆ ಅಕ್ಷರ ಸರಿ ಇರಬೇಕು. ಹಾಜರಿ ಪುಸ್ತಕದಲ್ಲಿ "ಸುಮ" ಅಂತ ಇದೆ, ನಾನು ಅದನ್ನೇ ನೋಡಿ ಹುಡುಕಿದೆ. ಒಂದು ದೀರ್ಘ ಇಲ್ಲ, ಅಷ್ಟೇ. ನಮ್ಮ ಮೇಷ್ಟ್ರಾದರೆ ಇಬ್ಬರೂ ಒಬ್ಬಳೇ ಅಂತ ತಿಳ್ಕೊತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದರೂ ಹಾಗೇ.

ಇಷ್ಟೇ ಆಗಿದ್ದರೆ ಪೈಥಾನ್ "ಕೀ ಎರರ್" ಎಂದು ಹೇಳಿ ನಿಂತುಬಿಡುತ್ತಿತ್ತು, ನನಗೂ ಗೊತ್ತಾಗುತ್ತಿತ್ತು. ಪದೇ ಪದೇ ನಿಲ್ಲುತ್ತದೆ ಅಂತ ಬೇಜಾರಾಗಿ ನಾನು ಪಟ್ಟಿ.ಗೆಟ್("ಸುಮ") ಎಂದು ಬರೆದಿದ್ದೆ. ಗೆಟ್ ನಿಲ್ಲುವುದಿಲ್ಲ. ಹೆಸರು ಸಿಗದಿದ್ದರೆ "ನನ್" ಅನ್ನುತ್ತದೆ, ಅಂದರೆ ಏನೂ ಇಲ್ಲ. ನಾಗರಾಜನ ಹೆಸರು ಸಿಕ್ಕಿತು, ಬೆಲೆ ಖಾಲಿ, ಅದಕ್ಕೂ "ನನ್" ಅಂತು. ಒಬ್ಬನು ಪುಸ್ತಕ ಕೊಟ್ಟಿಲ್ಲ, ಇನ್ನೊಬ್ಬಳ ಹೆಸರೇ ಸಿಕ್ಕಿಲ್ಲ. ಎರಡಕ್ಕೂ ಒಂದೇ ಉತ್ತರ! ನಾನು ಇಬ್ಬರನ್ನೂ ಒಂದೇ ಸಾಲಿಗೆ ಹಾಕಿಬಿಟ್ಟೆ.

ಡಿಪ್ಲೊಮಾ ಓದುವ ನಮ್ಮಕ್ಕ ಫೋನಿನಲ್ಲಿ ದಾರಿ ಹೇಳಿದಳು. ಮೊದಲು "ಸುಮ" ಇನ್ ಪಟ್ಟಿ ಎಂದು ಕೇಳಬೇಕು. ಆ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಅಷ್ಟನ್ನೇ ಅದು ಹೇಳುತ್ತದೆ. ಇಲ್ಲದಿದ್ದರೆ ನಾನು ಈಗ "ಹೆಸರು ಸಿಗಲಿಲ್ಲ, ಕಾಗುಣಿತ ನೋಡು" ಎಂದು ಬರುವ ಹಾಗೆ ಮಾಡಿದ್ದೇನೆ. ಇದ್ದರೆ ಮಾತ್ರ ಬೆಲೆ ನೋಡುವುದು.

ಹೆಸರಿನ ಬದಲು ಹಾಜರಿ ನಂಬರ್ ಹಾಕಿಯೂ ನೋಡಿದೆ. ಅಲ್ಲೂ ಒಂದು ಪೇಚು. ಜೇಸನ್‌ನಲ್ಲಿ ಕೀ ಯಾವಾಗಲೂ ಉದ್ಧರಣ ಚಿಹ್ನೆಯೊಳಗೇ ಇರಬೇಕು. ಪಟ್ಟಿಯಲ್ಲಿ "14" ಇದ್ದಾಗ ಪೈಥಾನಿನಲ್ಲಿ ಬರೀ 14 ಎಂದು ಹುಡುಕಿದರೆ ಸಿಗಲ್ಲ.

ಸೋಮವಾರ ಸುಮಾಳನ್ನು ಕರೆದು ಕೀಬೋರ್ಡ್ ಅವಳ ಕೈಗೇ ಕೊಟ್ಟೆ. ತನ್ನ ಹೆಸರನ್ನು ದೀರ್ಘ ಹಾಕಿ ಒತ್ತಿದಳು. "ಕೊಟ್ಟಳು" ಎಂದು ಬಂತು. ನಾಗರಾಜನ ಪುಸ್ತಕ ಇನ್ನೂ ಬಂದಿಲ್ಲ.