ಆಕ್ಸೊಲಾಟಲ್ ತೊಟ್ಟಿಯ ಫಿಲ್ಟರ್ ಬದಲಿಸುವ ಕ್ರಮ

ಮೆಕ್ಸಿಕೊ ನಗರದ ದಕ್ಷಿಣ ಭಾಗದ ಸೊಚಿಮಿಲ್ಕೊ ಕಾಲುವೆಗಳ ಮೂಲವಾಸಿಯಾದ ಆಕ್ಸೊಲಾಟಲ್, ಸಾಲಮಾಂಡರ್ ಬಳಗಕ್ಕೆ ಸೇರಿದ ಉಭಯವಾಸಿಯಾದರೂ ಕಪ್ಪೆಯ ಹಾಗೆ ರೂಪಾಂತರ ಹೊಂದಿ ನೆಲಕ್ಕೆ ಬರುವುದಿಲ್ಲ. ಮರಿಯ ದೇಹಲಕ್ಷಣಗಳನ್ನು ಉಳಿಸಿಕೊಂಡೇ ಪ್ರಾಯಕ್ಕೆ ಬಂದು, ಬದುಕನ್ನೆಲ್ಲ ನೀರಿನಲ್ಲಿಯೇ ಕಳೆಯುತ್ತದೆ. ಈ ಸ್ಥಿತಿಯನ್ನು ಜೀವವಿಜ್ಞಾನಿಗಳು ನಿಯೋಟೆನಿ ಎಂದು ಕರೆಯುತ್ತಾರೆ. ತಲೆಯ ಎರಡು ಬದಿಗೂ ಎಳೆಎಳೆಯಾಗಿ ಹರಡಿರುವ ಅದರ ಕಿವಿರುಗಳು ದೇಹದ ಹೊರಗೇ ಇರುವುದರಿಂದಲೂ, ತೆಳುವಾದ ಚರ್ಮದ ಮೂಲಕವೂ ಅದು ಉಸಿರಾಡುವುದರಿಂದಲೂ ನೀರಿನಲ್ಲಿ ಸೇರಿದ ಯಾವ ವಿಷವಾದರೂ ಅದರ ದೇಹವನ್ನು ಬೇಗನೆ ತಟ್ಟುತ್ತದೆ. ಹೀಗಾಗಿ ಗಾಜಿನ ತೊಟ್ಟಿಯಲ್ಲಿ ಸಾಕಿದ ಆಕ್ಸೊಲಾಟಲ್‌ಗೆ ಫಿಲ್ಟರ್ ಬದಲಿಸುವ ದಿನಗಳು ನಿಜಕ್ಕೂ ಅಪಾಯದ ದಿನಗಳು.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧಸತ್ಯ ಮಾತ್ರ. ಪ್ರಾಣಿಯ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತಲೇ ಇರುತ್ತದೆ. ಫಿಲ್ಟರಿನ ಸ್ಪಾಂಜು ಮತ್ತು ಪಿಂಗಾಣಿ ಉಂಗುರಗಳ ಮೇಲೆ ನೆಲೆಸಿದ ನೈಟ್ರೊಸೊಮೊನಾಸ್ ಮುಂತಾದ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸಿದರೆ, ನೈಟ್ರೊಸ್ಪೈರಾ ಎಂಬ ಇನ್ನೊಂದು ಬಗೆಯವು ನೈಟ್ರೈಟನ್ನು ಅದಕ್ಕಿಂತ ಎಷ್ಟೋ ನಿರುಪದ್ರವಿಯಾದ ನೈಟ್ರೇಟ್ ಆಗಿಸುತ್ತವೆ. ಅಮೋನಿಯ ಕಿವಿರುಗಳನ್ನು ಸುಡುತ್ತದೆ, ನೈಟ್ರೈಟ್ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ. ನೀರು ಬೆಚ್ಚಗಾದಷ್ಟೂ, ಕ್ಷಾರೀಯವಾದಷ್ಟೂ ಅಮೋನಿಯದ ವಿಷ ಹೆಚ್ಚುವುದರಿಂದ, 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪನ್ನು ಬಯಸುವ ಈ ಪ್ರಾಣಿಗೆ ಬೇಸಿಗೆಯ ತೊಟ್ಟಿ ಎರಡು ಬಗೆಯಲ್ಲಿ ಕೆಡುಕು. ಈ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ನೀರಿನಲ್ಲಿ ತೇಲಾಡದೆ ಯಾವುದಾದರೊಂದು ಮೇಲ್ಮೈಗೆ ಅಂಟಿಕೊಂಡು ಬಾಳುತ್ತವೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ; ಹಳೆಯ ಫಿಲ್ಟರನ್ನು ಕಿತ್ತೆಸೆದವರು ತೊಟ್ಟಿಯ ಶುದ್ಧೀಕರಣ ವ್ಯವಸ್ಥೆಯ ಬಹುಪಾಲನ್ನು ಅದರೊಡನೆಯೇ ಎಸೆದಿರುತ್ತಾರೆ. ಒಳಗಿನ ಸ್ಪಾಂಜನ್ನು ತಿಂಗಳಿಗೊಮ್ಮೆ ಹೊಸದಾಗಿ ಹಾಕಬೇಕೆಂದು ಕೆಲವು ಫಿಲ್ಟರುಗಳ ಡಬ್ಬಿಯ ಮೇಲೆ ಅಚ್ಚಾಗಿರುವ ಸೂಚನೆ ಇದೇ ಕಾರಣಕ್ಕೆ ಹಾನಿಕರವಾದುದು.

ಸುರಕ್ಷಿತವಾದ ದಾರಿ ನಿಧಾನದ್ದು. ಹಳೆಯ ಫಿಲ್ಟರನ್ನು ತೆಗೆಯದೆ ಹೊಸದನ್ನು ಅದರ ಪಕ್ಕದಲ್ಲೇ ಕೂರಿಸಿ, ನಾಲ್ಕರಿಂದ ಆರು ವಾರ ಎರಡನ್ನೂ ಒಟ್ಟಿಗೆ ನಡೆಸಿದರೆ ಹೊಸ ಸ್ಪಾಂಜಿನ ಮೇಲೆ ಬ್ಯಾಕ್ಟೀರಿಯಗಳು ತಾವಾಗಿ ನೆಲೆಯೂರುತ್ತವೆ. ಹಳೆಯದು ಕೆಟ್ಟು ನಿಂತಿದ್ದರೆ ಅಷ್ಟು ಕಾಯಲಾಗದು. ಆಗ ಅದರೊಳಗಿನ ಸ್ಪಾಂಜು, ಉಂಗುರಗಳನ್ನು ಒಣಗಲು ಬಿಡದೆ ಹೊಸ ಫಿಲ್ಟರಿನೊಳಕ್ಕೆ ಸೇರಿಸಬೇಕು. ಹಾಲಿಗೆ ಹೆಪ್ಪು ಹಾಕಿದಂತೆ ಆ ಹಳೆಯ ತುಣುಕು ಹೊಸದರಲ್ಲಿ ಜೀವ ಹರಡುತ್ತದೆ. ನೀರಿನ ಹರಿವು ನಿಂತ ಫಿಲ್ಟರಿನಲ್ಲಿ ಆಮ್ಲಜನಕ ಸಾಲದೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಗಳು ಸಾಯತೊಡಗುವುದರಿಂದ ಈ ಕೆಲಸವನ್ನು ಮರುದಿನಕ್ಕೆ ಇಡುವಂತಿಲ್ಲ.

ಸ್ಪಾಂಜು ಕೊಳೆಯಾಗಿದ್ದರೂ ಅದನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಕುಡಿಯುವ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಬೆರೆಸಿದ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯ, ಕೆಟ್ಟದ್ದು ಎಂಬ ಭೇದವಿಲ್ಲ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಸ್ಪಾಂಜನ್ನು ಮೆಲ್ಲಗೆ ಹಿಂಡಿದರೆ ಸಾಕು. ತೊಟ್ಟಿಗೆ ತುಂಬುವ ಹೊಸ ನೀರಿನ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟ್‌ನಂಥ ದ್ರಾವಣದಿಂದ ಮೊದಲೇ ಕಳೆಯಬೇಕು. ವಿದ್ಯುತ್ ಉಪಕರಣಗಳನ್ನು ನೀರಿನಲ್ಲಿ ಮುಟ್ಟುವ ಮೊದಲು ಪ್ಲಗ್ ಕೀಳಬೇಕೆಂಬುದನ್ನೂ ಮರೆಯಬಾರದು.

ಹೊಸ ಫಿಲ್ಟರಿನ ಆಯ್ಕೆಯಲ್ಲಿ ಶಕ್ತಿಗಿಂತ ಸೌಮ್ಯತೆ ಮುಖ್ಯ. ಸೊಚಿಮಿಲ್ಕೊದ ಕಾಲುವೆಗಳು ಬಹುಮಟ್ಟಿಗೆ ನಿಂತ ನೀರಿನಂಥವು. ಅಂಥ ನೀರಿನ ಜೀವಿಯನ್ನು ರಭಸದ ಹರಿವಿಗೆ ಒಡ್ಡಿದಾಗ ಅದರ ಕಿವಿರುಗಳು ಮುಂದಕ್ಕೆ ಬಾಗುತ್ತವೆ, ಬಾಲದ ತುದಿ ಸುರುಳಿಯಾಗುತ್ತದೆ, ಮೇವಿನ ಮೇಲಿನ ಆಸೆಯೂ ಕುಗ್ಗುತ್ತದೆ. ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಇದಕ್ಕೆ ಹೊಂದುತ್ತದೆ. ದೊಡ್ಡ ಫಿಲ್ಟರೇ ಬೇಕಾದರೆ ನೀರು ಹೊರಬೀಳುವ ಬಾಯಿಯನ್ನು ಗಾಜಿನ ಗೋಡೆಗೆ ತಿರುಗಿಸಿ, ಒಳಗೆಳೆಯುವ ಬಾಯಿಗೆ ಸ್ಪಾಂಜು ತೊಡಿಸಿ, ಕಿವಿರು ಸಿಕ್ಕಿಕೊಳ್ಳದಂತೆ ಮಾಡಬೇಕು. ಮೂಲನೆಲೆಯಲ್ಲಿ ಈ ಪ್ರಾಣಿ ಅಳಿವಿನ ಅಂಚಿನಲ್ಲಿದ್ದು, ಅಲ್ಲಿನ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೈತರೊಡಗೂಡಿ ಕಾಲುವೆಗಳ ಬಾಯಿಗೆ ಅಳವಡಿಸುತ್ತಿರುವುದೂ ಒಂದು ಬಗೆಯ ಫಿಲ್ಟರನ್ನೇ. ಅದು ಮರಿಗಳನ್ನು ನುಂಗುವ ಕಾರ್ಪ್, ತಿಲಾಪಿಯ ಮೀನುಗಳನ್ನು ತಡೆಯುವುದಲ್ಲದೆ ಒಳಬರುವ ನೀರನ್ನೂ ತಿಳಿಗೊಳಿಸುತ್ತದೆ.

ಹಳೆಯ ಫಿಲ್ಟರನ್ನು ತೆಗೆದ ಮೇಲೆ ಎರಡು ವಾರವಾದರೂ ಪ್ರತಿದಿನ ನೀರನ್ನು ಪರೀಕ್ಷಾ ಕಿಟ್‌ನಿಂದ ನೋಡುತ್ತಿರಬೇಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಲ್ಲಿರಬೇಕು. ಸ್ವಲ್ಪ ಕಾಣಿಸಿಕೊಂಡರೂ ಮೇವು ಕಡಿಮೆ ಮಾಡಿ, ನೀರಿನ ಒಂದು ಭಾಗವನ್ನು ಬದಲಿಸಬೇಕು. ಅವು ಏರುತ್ತಲೇ ಹೋದರೆ ಆಕ್ಸೊಲಾಟಲ್ ಅನ್ನು ಅಷ್ಟೇ ತಂಪಾದ, ಕ್ಲೋರಿನ್ ಕಳೆದ ನೀರಿರುವ ಟಬ್ಬಿಗೆ ಬಿಟ್ಟು, ಆ ನೀರನ್ನು ದಿನಕ್ಕೊಮ್ಮೆ ಪೂರ್ತಿ ಬದಲಿಸುತ್ತ, ತೊಟ್ಟಿಯ ಫಿಲ್ಟರ್ ಹದಕ್ಕೆ ಬರುವವರೆಗೆ ಅಲ್ಲಿಯೇ ಇರಿಸಿಕೊಳ್ಳಬೇಕು.